ಪಿಡಿಎಫ್ ಹಂಚಿದ್ರೆ ಸಾಲದು, ಮೂಲ ಫೈಲ್ ಹಂಚಬೇಕು

ಜನವರಿ ಬಂತು ಅಂದ್ರೆ ಹೈಸ್ಕೂಲ್ ಮೇಷ್ಟ್ರುಗಳ ವಾಟ್ಸಾಪ್ ಗ್ರೂಪುಗಳಿಗೆ ಪುರುಸೊತ್ತೇ ಇರಲ್ಲ, ಎಸ್ಸೆಸ್ಸೆಲ್ಸಿ ಪಾಸಿಂಗ್ ಪ್ಯಾಕೇಜ್, ಅಂದ್ರೆ ಮಕ್ಕಳು ಪಾಸಾಗ್ಲಿ ಅಂತ ಮಾಡೋ ಪ್ರಶ್ನೋತ್ತರದ ಕಟ್ಟು, ಅದರ ಸೀಸನ್ ಅದು. ಆ ಜಿಲ್ಲೆದು ಈ ಜಿಲ್ಲೆದು ಅಂತ ಒಂದರ ಹಿಂದೆ ಒಂದು ಪಿಡಿಎಫ್ ಬೀಳ್ತಾನೇ ಇರ್ತವೆ, ಮುಖಪುಟದಲ್ಲಿ ಅಧಿಕಾರಿಗಳ ಫೋಟೊ, ಆಮೇಲೆ ಸಂಪನ್ಮೂಲ ವ್ಯಕ್ತಿಗಳ ಪಟ್ಟಿ, ಆಮೇಲೆ ಪ್ರಶ್ನೋತ್ತರ. ಹೋದ ವರ್ಷ ನನ್ನ ಫೋನಲ್ಲಿ ಗಣಿತದ್ದೇ ಹನ್ನೊಂದು ಪ್ಯಾಕೇಜ್ ಸೇರ್ಕೊಂಡಿದ್ವು. ಒಂದು ಭಾನುವಾರ ಕೂತ್ಕೊಂಡು ಸಮಾಂತರ ಶ್ರೇಢಿ ಅಧ್ಯಾಯವನ್ನ ಎಲ್ಲದರಲ್ಲೂ ತೆಗೆದು ಪಕ್ಕಪಕ್ಕ ಇಟ್ಟು ನೋಡ್ದೆ. ಹೆಚ್ಚುಕಮ್ಮಿ ಅದೇ ಪ್ರಶ್ನೆಗಳು, ಅದೇ ಲೆಕ್ಕ, ಅದೇ ಕ್ರಮ, ಮೂರು ಪ್ಯಾಕೇಜ್‌ನಲ್ಲಂತೂ ಎನ್‌ನೇ ಪದದ ಸೂತ್ರದಲ್ಲಿ ಮೈನಸ್ ಇರಬೇಕಾದ ಜಾಗದಲ್ಲಿ ಪ್ಲಸ್ ಇತ್ತು, ಮೂರರಲ್ಲೂ ಅದೇ ಜಾಗದಲ್ಲಿ. ಅಂದ್ರೆ ಯಾರೋ ಒಬ್ರು ತಪ್ಪು ಟೈಪ್ ಮಾಡಿದ್ದನ್ನ ಇನ್ನಿಬ್ರು ನೋಡ್ಕೊಂಡು ಮತ್ತೆ ಕೈಯಾರೆ ಟೈಪ್ ಮಾಡಿದಾರೆ. ಎಷ್ಟು ರಾತ್ರಿ ಕೂತಿರ್ತಾರೋ ಪಾಪ.

ಆ ತಪ್ಪನ್ನ ಯಾರಿಗೆ ಹೇಳೋದು ಅಂತ ಹುಡುಕ್ದೆ. ಪಿಡಿಎಫ್‌ನಲ್ಲಿ ಹೆಸರುಗಳಿದಾವೆ, ಆದ್ರೆ ಅದು ಆರೇಳು ಗ್ರೂಪ್ ದಾಟಿ ಬಂದಿರೋದು, ಮೂಲ ಯಾರ ಹತ್ರ ಇದೆ ಅಂತ ಗೊತ್ತಾಗಲ್ಲ, ಗೊತ್ತಾಗಿ ಅವ್ರು ಸರಿ ಮಾಡಿದ್ರೂ ಆಗ್ಲೇ ಸಾವಿರಾರು ಫೋನ್‌ಗೆ ಹೋಗಿರೋ ಹಳೇ ಕಾಪಿ ವಾಪಸ್ ಬರಲ್ಲ. ನಾನು ಈ ಲೇಖನದಲ್ಲಿ ಹೇಳ್ಬೇಕು ಅಂತಿರೋದು ಈ ಒಂದು ವಿಷಯಾನೇ. ನಮ್ಮಲ್ಲಿ ಕಲಿಕಾ ಸಾಮಗ್ರಿ ಕಮ್ಮಿ ಇಲ್ಲ, ಹಂಚೋ ಮನಸ್ಸೂ ಕಮ್ಮಿ ಇಲ್ಲ, ಆದ್ರೆ ನಾವು ಹಂಚ್ತಿರೋದು ಮುಗಿದುಹೋದ ಫೈಲ್‌ನ. ಇನ್ನೊಬ್ರು ತಿದ್ದೋಕೆ, ಸೇರಿಸೋಕೆ, ತಮ್ಮ ಮಕ್ಕಳಿಗೆ ಹೊಂದಿಸೋಕೆ ಆಗೋ ಮೂಲ ಫೈಲ್‌ನ ಯಾರೂ ಹಂಚ್ತಿಲ್ಲ. ಅದನ್ನ ಇಡೋಕೆ ಒಂದು ಜಾಗ, ನೋಡ್ಕೊಳ್ಳೋಕೆ ಒಬ್ರು ಮನುಷ್ಯರು ಇಲ್ಲದೇ ಇರೋದ್ರಿಂದ ಪ್ರತಿ ವರ್ಷ ಸೊನ್ನೆಯಿಂದ ಶುರು ಮಾಡ್ತೀವಿ.

ಹೊರಗಿನೋರಿಗೆ ಗೊತ್ತಿರಲಿಕ್ಕಿಲ್ಲ, ಕರ್ನಾಟಕದಲ್ಲಿ ಕಂದಾಯ ಜಿಲ್ಲೆ 31, ಆದ್ರೆ ಶೈಕ್ಷಣಿಕ ಜಿಲ್ಲೆ 35. ಬೆಳಗಾವಿ ಜೊತೆ ಚಿಕ್ಕೋಡಿ, ಉತ್ತರ ಕನ್ನಡದಲ್ಲಿ ಕಾರವಾರ ಬೇರೆ ಶಿರಸಿ ಬೇರೆ, ತುಮಕೂರು ಜೊತೆ ಮಧುಗಿರಿ, ಬೆಂಗಳೂರು ನಗರದಲ್ಲಿ ಉತ್ತರ ದಕ್ಷಿಣ ಅಂತ ಎರಡು. ಒಂದೊಂದಕ್ಕೂ ಉಪನಿರ್ದೇಶಕರು, ವಿಷಯ ಪರಿವೀಕ್ಷಕರು, ಕೆಳಗೆ ಬಿಇಒ, ಬಿಆರ್‌ಪಿ, ಸಿಆರ್‌ಪಿ ಅಂತ ತಾಲೂಕು, ಕ್ಲಸ್ಟರ್ ಮಟ್ಟದೋರು, ಪಕ್ಕದಲ್ಲಿ ಮೇಷ್ಟ್ರುಗಳಿಗೆ ತರಬೇತಿ ಕೊಡೋ ಡಯಟ್ ಸಂಸ್ಥೆ. ಪಠ್ಯಪುಸ್ತಕ ರಾಜ್ಯಕ್ಕೆಲ್ಲ ಒಂದೇ, ಪಠ್ಯಪುಸ್ತಕ ಸಂಘ ಕೊಡುತ್ತೆ, ಪರೀಕ್ಷೆ ಒಂದೇ, ಪ್ರಶ್ನೆಪತ್ರಿಕೆಯ ನೀಲನಕ್ಷೆ ಒಂದೇ. ಅದರ ಮೇಲಿನ ಪಾಠ ಯೋಜನೆ, ವರ್ಷದ ಶುರುವಲ್ಲಿ ಹಿಂದಿನ ಕ್ಲಾಸಿನ ಕಲಿಕೆ ನೋಡೋ ಸೇತುಬಂಧದ ಪ್ರಶ್ನೆಪತ್ರಿಕೆ, ಘಟಕ ಪರೀಕ್ಷೆ, ಚಟುವಟಿಕೆ ಹಾಳೆ, ಪಾಸಿಂಗ್ ಪ್ಯಾಕೇಜ್ ಇವೆಲ್ಲ ಮಾತ್ರ ಜಿಲ್ಲೆ ಜಿಲ್ಲೆಗೂ ಬೇರೆ ಬೇರೆ ತಯಾರಾಗ್ತವೆ. ರಿಸಲ್ಟ್ ಬಂದ ದಿನ ಪೇಪರಲ್ಲಿ ಜಿಲ್ಲಾವಾರು ಸ್ಥಾನ ಹಾಕ್ತಾರಲ್ಲ, ಆ ಒತ್ತಡ ಚೆನ್ನಾಗೇ ಇರುತ್ತೆ, ಅದಕ್ಕೇ ಎಲ್ರೂ ತಮ್ಮದೇ ಒಂದು ಪ್ಯಾಕೇಜ್ ಮಾಡ್ಲೇಬೇಕು ಅಂತ ಹೊರಡ್ತಾರೆ. ಒಳ್ಳೇ ಮೇಷ್ಟ್ರುಗಳನ್ನ ಓಓಡಿ, ಅಂದ್ರೆ ಬೇರೆ ಕಡೆ ಡ್ಯೂಟಿ ಅಂತ ಕೊಟ್ಟು ಎರಡು ಮೂರು ದಿನ ಕರೆಸಿ ಕಾರ್ಯಾಗಾರ ಮಾಡ್ತಾರೆ, ಆ ಮೂರು ದಿನ ಅವರ ಶಾಲೆಲಿ ಆ ವಿಷಯ ಪಾಠ ಆಗಲ್ಲ.

ಹಾಗಂತ ಎಲ್ಲಾ ಜಿಲ್ಲೆಗೂ ಒಂದೇ ಸಾಮಗ್ರಿ ಮಾಡಿ ಬೆಂಗಳೂರಿಂದ ಕಳಿಸಿಬಿಡ್ಲಿ ಅಂತ ನಾನು ಹೇಳ್ತಿಲ್ಲ. ಶಿರಸಿ ಕಡೆ ಮಗುಗೆ ಲೆಕ್ಕ ಹೇಳೋವಾಗ ಅಡಿಕೆ ಗೊನೆ ಕಣ್ಮುಂದೆ ಬರುತ್ತೆ, ಕಲಬುರಗಿ ಕಡೆ ತೊಗರಿ ಚೀಲ. ಚಿಕ್ಕೋಡಿ ಕಡೆ ಮರಾಠಿ ಮಾಧ್ಯಮದ ಶಾಲೆಗಳಿದಾವೆ, ಬೀದರ್ ಕಲಬುರಗಿಲಿ ಉರ್ದು ಮಾಧ್ಯಮ, ಕೋಲಾರದ ಗಡೀಲಿ ಮನೇಲಿ ತೆಲುಗು ಮಾತಾಡೋ ಮಕ್ಕಳು. ಒಂದು ಚೆನ್ನಾಗಿರೋ ಪ್ಯಾಕೇಜ್‌ನ ಉರ್ದುಗೆ ತರಬೇಕು ಅಂದ್ರೆ ಲೆಕ್ಕ, ಚಿತ್ರ, ಕ್ರಮ ಎಲ್ಲಾ ಹಾಗೇ ಇಟ್ಕೊಂಡು ವಾಕ್ಯ ಮಾತ್ರ ಬದಲಾಯಿಸಿದ್ರೆ ಸಾಕು, ಮೂಲ ಫೈಲ್ ಸಿಕ್ಕಿದ್ರೆ ಒಂದು ವಾರದ ಕೆಲಸ. ಪಿಡಿಎಫ್ ಸಿಕ್ಕಿದ್ರೆ ಮೊದಲಿಂದ ಕಟ್ಟಬೇಕು. ಹೊಂದಿಸ್ಕೊಳ್ಳೋ ಹಕ್ಕು ಕೊಟ್ಟಾಗ್ಲೇ ಜಿಲ್ಲೆಗಳು ಬೇರೆ ಬೇರೆ ಇದ್ದೂ ಒಟ್ಟಿಗೆ ಕೆಲಸ ಮಾಡೋಕಾಗೋದು.

ಇದು ನಮಗೆ ಹೊಸದಾಗಿ ಯಾರೋ ಹೇಳಿಕೊಡಬೇಕಾದ ವಿಷಯ ಅಲ್ಲ. ಪ್ರೈಮರಿಯ ಚಿಕ್ಕ ಮಕ್ಕಳಿಗೆ ಕಾರ್ಡು, ಚಟುವಟಿಕೆ ಇಟ್ಕೊಂಡು ಕಲಿಸೋ ನಲಿಕಲಿ ನೆನಪಿದ್ಯಲ್ಲ? ಅದು ಶುರುವಾಗಿದ್ದು 1995ರಲ್ಲಿ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆಲಿ, ಯುನಿಸೆಫ್ ಬೆಂಬಲದಲ್ಲಿ. ಅಲ್ಲಿನ ಪ್ರೈಮರಿ ಶಾಲೆ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ರದ ರಿಷಿ ವ್ಯಾಲಿಗೆ ಹೋಗಿ ಹಲವು ತರಗತಿ ಮಕ್ಕಳನ್ನ ಒಟ್ಟಿಗೆ ಕೂರಿಸಿ ಕಲಿಸೋ ಅಲ್ಲಿನ ಬಹುವರ್ಗ ಬೋಧನೆ ನೋಡ್ಕೊಂಡು ಬಂದು, ತಮ್ಮ ಕಾಡಂಚಿನ ಊರುಗಳ ಮಕ್ಕಳಿಗೆ ತಕ್ಕಂಗೆ ಕಾರ್ಡುಗಳನ್ನ, ಯಾವುದರ ಮೇಲೆ ಯಾವುದು ಕಲೀಬೇಕು ಅಂತ ತೋರಿಸೋ ಕಲಿಕಾ ಏಣಿಯನ್ನ ತಾವೇ ಬರೆದ್ರು, ಕ್ಲಾಸಲ್ಲಿ ಇಟ್ಟು ನೋಡಿ ತಿದ್ದಿದ್ರು. ಆಮೇಲೆ ಬೇರೆ ತಾಲೂಕುಗಳಿಗೆ ಹೋಯ್ತು, 2009-10ರ ಹೊತ್ತಿಗೆ ಇಡೀ ರಾಜ್ಯಕ್ಕೆ ಬಂತು. ಇಂಟರ್ನೆಟ್ ಇಲ್ಲದ ಕಾಲದಲ್ಲಿ ಒಂದು ತಾಲೂಕಿನ ಮೇಷ್ಟ್ರುಗಳು ಮಾಡಿದ ಸಾಮಗ್ರಿ ರಾಜ್ಯದ ಪಠ್ಯಕ್ರಮ ಆಯ್ತು. ಆದ್ರೆ ರಾಜ್ಯಕ್ಕೆಲ್ಲ ಬಂದಾಗ ಅದು ಪ್ರಿಂಟ್ ಆದ ಕಿಟ್ ಆಗಿ ಬಂತು, ಹೆಗ್ಗಡದೇವನಕೋಟೆಯ ಮೇಷ್ಟ್ರಿಗೆ ಇದ್ದ ತಿದ್ದೋ ಸ್ವಾತಂತ್ರ್ಯ ಆಮೇಲೆ ಅದನ್ನ ಬಳಸಿದ ಸಾವಿರಾರು ಜನಕ್ಕೆ ಬರಲಿಲ್ಲ. ನಲಿಕಲಿ ಬಗ್ಗೆ ಎಷ್ಟೋ ಮೇಷ್ಟ್ರುಗಳಿಗಿರೋ ಬೇಸರದ ಬೇರು ಇಲ್ಲೇ ಇದೆ ಅಂತ ನನಗನ್ಸುತ್ತೆ.

ಆನ್‌ಲೈನ್‌ನಲ್ಲಿ ಇದನ್ನ ಮಾಡೋ ಗಂಭೀರ ಪ್ರಯತ್ನವೂ ನಮ್ಮಲ್ಲೇ ಆಗಿದೆ. ಕಳೆದ ದಶಕದ ಶುರುವಿನಲ್ಲಿ ಶಿಕ್ಷಕರ ತರಬೇತಿ, ಸಂಶೋಧನೆ ನೋಡ್ಕೊಳ್ಳೋ ರಾಜ್ಯದ ಡಿಎಸ್‌ಇಆರ್‌ಟಿ ಮತ್ತೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರ್ಕೊಂಡು, ಆಗಿದ್ದ ಆರ್‌ಎಂಎಸ್‌ಎ ಅನ್ನೋ ಕೇಂದ್ರದ ಹೈಸ್ಕೂಲ್ ಯೋಜನೆಯ ಅಡಿ, ವಿಷಯ ಶಿಕ್ಷಕರ ವೇದಿಕೆ ಅಂತ ಶುರು ಮಾಡಿದ್ವು. ಹೈಸ್ಕೂಲ್ ಗಣಿತ ವಿಜ್ಞಾನ ಸಮಾಜ ಮೇಷ್ಟ್ರುಗಳಿಗೆ ಕಂಪ್ಯೂಟರ್ ಓಡಿಸೋ ಉಬುಂಟು, ಗಣಿತದ ಆಕೃತಿ ಬಿಡಿಸೋ ಜಿಯೋಜಿಬ್ರಾ, ಪರಿಕಲ್ಪನಾ ನಕ್ಷೆ ಮಾಡೋ ಫ್ರೀಮೈಂಡ್ ಈ ಸಾಫ್ಟ್‌ವೇರ್‌ಗಳನ್ನೆಲ್ಲ ಕಲಿಸಿದ್ರು, ರಾಜ್ಯಮಟ್ಟದ ಇಮೇಲ್ ಗ್ರೂಪ್ ಮಾಡಿದ್ರು, ಜೊತೆಗೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು, ನಾವೆಲ್ಲ ಕೋಯರ್ ಅಂತಿದ್ವಿ, ಆ ತಾಣ ಕಟ್ಟಿದ್ರು. ಅದು ವಿಕಿಪೀಡಿಯ ಓಡೋ ಮೀಡಿಯಾವಿಕಿ ಸಾಫ್ಟ್‌ವೇರ್ ಮೇಲೇನೆ ಇರೋದು. ಒಂದೊಂದು ಅಧ್ಯಾಯಕ್ಕೂ ಪುಟ, ಅದರಲ್ಲಿ ಪರಿಕಲ್ಪನಾ ನಕ್ಷೆ, ಕಲಿಕೆಯ ಉದ್ದೇಶಗಳು, ಶಿಕ್ಷಕರಿಗೆ ಟಿಪ್ಪಣಿ, ಚಟುವಟಿಕೆ, ಮೌಲ್ಯಮಾಪನ. ಯಾರು ಯಾವಾಗ ಏನು ಬದಲಾಯಿಸಿದ್ರು ಅಂತ ಇತಿಹಾಸದಲ್ಲಿ ಉಳಿಯುತ್ತೆ, ತಪ್ಪಾದ್ರೆ ಹಿಂದಿನ ರೂಪಕ್ಕೆ ತರಬಹುದು. ನನ್ನ ಮೈನಸ್ ಸಮಸ್ಯೆಗೆ ಉತ್ತರ ಇದೇ ಆಗಿತ್ತು ನೋಡಿ, ಒಂದು ಕಡೆ ತಿದ್ದಿದ್ರೆ ಎಲ್ಲರಿಗೂ ತಿದ್ದಿದ ಹಾಗೆ.

ಆ ಇಮೇಲ್ ಗ್ರೂಪ್‌ಗಳ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಯಾವುದೋ ಹಳ್ಳಿ ಹೈಸ್ಕೂಲಲ್ಲಿ ಗಣಿತಕ್ಕೆ ಒಬ್ರೇ ಇರೋ ಮೇಷ್ಟ್ರು ತಮ್ಮ ವಿಷಯದ ಬಗ್ಗೆ ಮಾತಾಡೋಕೆ ಸ್ಟಾಫ್ ರೂಮಲ್ಲಿ ಯಾರೂ ಇರಲ್ಲ, ಅಂಥೋರು ರಾತ್ರಿ ಒಂದು ಪ್ರಮೇಯದ ಸಾಧನೆ ಬಗ್ಗೆ ಪ್ರಶ್ನೆ ಹಾಕಿದ್ರೆ ಬೆಳಗ್ಗೆ ಹೊತ್ತಿಗೆ ಬೇರೆ ಬೇರೆ ಜಿಲ್ಲೆಯಿಂದ ನಾಲ್ಕು ಉತ್ತರ ಬಂದಿರ್ತಿತ್ತು. ಜನ ಜಗಳ ಆಡ್ತಿದ್ರು, ವಾದ ಮಾಡ್ತಿದ್ರು, ಒಳ್ಳೇ ವಾದ. ಆದ್ರೆ ಆ ಚರ್ಚೆಲಿ ಬಂದದ್ದೆಲ್ಲ ವಿಕಿ ಪುಟಕ್ಕೆ ತಾನಾಗಿ ಹೋಗಲ್ಲ. ವಿಕಿಲಿ ಬರೆಯೋಕೆ ಒಂದು ಥರದ ಗುರುತುಗಳನ್ನ ಕಲೀಬೇಕು, ಕಂಪ್ಯೂಟರ್ ಬೇಕು, ಕೂತ್ಕೊಳ್ಳೋಕೆ ಟೈಮ್ ಬೇಕು. ಮೇಲ್ ಕಳಿಸೋದು ಸುಲಭ, ಫೋನ್ ಬಂದ್ಮೇಲೆ ವಾಟ್ಸಾಪ್ ಟೆಲಿಗ್ರಾಂ ಇನ್ನೂ ಸುಲಭ, ಜನ ಸುಲಭದ ಕಡೆಗೇ ಹೋದ್ರು. ಅದರಲ್ಲಿ ಅವರ ತಪ್ಪೇನಿಲ್ಲ, ಚರ್ಚೆಯಿಂದ ಪುಟಕ್ಕೆ ತರೋ ಕೆಲಸ ಯಾರಾದ್ರೂ ಒಬ್ರ ಡ್ಯೂಟಿ ಆಗ್ಬೇಕಿತ್ತು.

ಆಮೇಲೆ ದೀಕ್ಷಾ, ಶಾಲಾ ಪಾಠಗಳ ಸರ್ಕಾರಿ ಆಪ್ ಮತ್ತೆ ತಾಣ. 2017ರ ಸೆಪ್ಟೆಂಬರ್ 5ಕ್ಕೆ ಕೇಂದ್ರ ಸರ್ಕಾರ ಅದನ್ನ ಶುರು ಮಾಡ್ತು, ಅದರ ಕೆಳಗಿರೋ ಸನ್‌ಬರ್ಡ್ ಅನ್ನೋ ಸಾಫ್ಟ್‌ವೇರ್ ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಶನ್ ಕಟ್ಟಿದ್ದು, ಮುಕ್ತ ತಂತ್ರಾಂಶ. ಪಠ್ಯಪುಸ್ತಕದಲ್ಲಿ ಅಧ್ಯಾಯದ ಪಕ್ಕ ಕ್ಯೂಆರ್ ಕೋಡ್ ಇರುತ್ತಲ್ಲ, ಸ್ಕ್ಯಾನ್ ಮಾಡಿದ್ರೆ ಅಥವಾ ಅದರ ಕೆಳಗಿರೋ ಆರು ಅಕ್ಷರದ ಕೋಡ್ ಹೊಡೆದ್ರೆ ವಿಡಿಯೋ, ಅಭ್ಯಾಸ ಬರುತ್ತೆ, ಡೌನ್‌ಲೋಡ್ ಮಾಡಿ ಇಟ್ಕೊಂಡು ನೆಟ್‌ವರ್ಕ್ ಇಲ್ಲದಾಗ್ಲೂ ನೋಡಬಹುದು. 2020ರ ಕೊರೊನಾ ಟೈಮಲ್ಲಿ ಅದಕ್ಕೆ ದೊಡ್ಡ ಬಲ ಬಂತು, ಪಿಎಂ ಇ-ವಿದ್ಯಾ ಅಡಿ ಇಡೀ ದೇಶಕ್ಕೆ ಒಂದೇ ವೇದಿಕೆ ಅಂದ್ರು, ವಿದ್ಯಾದಾನ ಅಂತ ಸಾಮಗ್ರಿ ಕೊಡೋಕೆ ಕರೆ ಕೊಟ್ರು. ವ್ಯಾಪ್ತಿ ದೃಷ್ಟಿಯಿಂದ ನೋಡಿದ್ರೆ ಕೋಯರ್ ಮುಟ್ಟದ ಮಕ್ಕಳನ್ನ ಅದು ಮುಟ್ಟಿದೆ, ಅದನ್ನ ಒಪ್ಕೊಳ್ಳಲೇಬೇಕು. ಆದ್ರೆ ಮೇಷ್ಟ್ರ ಜಾಗ ಬದಲಾಗೋಯ್ತು. ಕೋಯರ್‌ನಲ್ಲಿ ಮೇಷ್ಟ್ರು ಬರೆಯೋರು. ದೀಕ್ಷಾದಲ್ಲಿ ಹೆಚ್ಚಿನೋರು ನೋಡೋರು, ತರಬೇತಿ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತಗೊಳ್ಳೋರು. ಸಾಮಗ್ರಿ ಹಾಕಬೇಕು ಅಂದ್ರೆ ನಾಮಿನೇಟ್ ಆಗಿರಬೇಕು, ಪರಿಶೀಲನೆ ಆಗ್ಬೇಕು, ಪ್ರಕಟ ಆಗ್ಬೇಕು. ಗುಣಮಟ್ಟಕ್ಕೆ ಅದು ಬೇಕು ನಿಜ, ಆದ್ರೆ ನನ್ನಂಥೋನು ಒಂದು ವಿಡಿಯೋದಲ್ಲಿ ತಪ್ಪು ಕಂಡ್ರೆ ತಿದ್ದೋ ದಾರಿ ಇಲ್ಲ, ವಿಡಿಯೋನ ತಿದ್ದೋಕೂ ಆಗಲ್ಲ. ಅಲ್ಲಿನ ಎಷ್ಟೋ ಸಾಮಗ್ರಿಗೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಇದೆ, ಕಾಗದದ ಮೇಲೆ ನನಗೆ ಬದಲಾಯಿಸೋ ಹಕ್ಕಿದೆ, ಆದ್ರೆ ಬದಲಾಯಿಸೋಕೆ ಬೇಕಾದ ಮೂಲ ಕೈಲಿಲ್ಲ.

ಇಲ್ಲಿ ಅಮೆರಿಕದ ಒಂದು ಕಥೆ ಹೇಳ್ತೀನಿ, ಅಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಅಂದ್ರೆ ನಮ್ಮ ಶೈಕ್ಷಣಿಕ ಜಿಲ್ಲೆಗಿಂತ ತುಂಬಾ ಸ್ವತಂತ್ರ, ಪಠ್ಯ ಯಾವುದು ಅಂತ ಎಷ್ಟೋ ಕಡೆ ಅವರೇ ತೀರ್ಮಾನ ಮಾಡೋದು. 2010ರಲ್ಲಿ ನ್ಯೂಯಾರ್ಕ್ ರಾಜ್ಯಕ್ಕೆ ಒಕ್ಕೂಟ ಸರ್ಕಾರದಿಂದ ಸುಮಾರು 70 ಕೋಟಿ ಡಾಲರ್ ಬಂತು, ಅದರಲ್ಲಿ ಒಂದು ಭಾಗ ಇಟ್ಕೊಂಡು ಗಣಿತ ಮತ್ತೆ ಇಂಗ್ಲಿಷ್‌ಗೆ ದಿನದಿನದ ಪಾಠಗಳನ್ನ ಬರೆಸಿ ಎಂಗೇಜ್‌ನ್ಯೂಯಾರ್ಕ್ ಅನ್ನೋ ತಾಣದಲ್ಲಿ ಫ್ರೀಯಾಗಿ ಹಾಕಿದ್ರು. ಪಿಡಿಎಫ್ ಜೊತೆಗೆ ವರ್ಡ್ ಫೈಲನ್ನೂ ಕೊಟ್ರು. ಅದೇ ದೊಡ್ಡ ವ್ಯತ್ಯಾಸ ಅಂತ ನಾನು ಹೇಳೋದು, ಬೇರೆ ರಾಜ್ಯದ ಡಿಸ್ಟ್ರಿಕ್ಟ್‌ಗಳು ಇಳಿಸ್ಕೊಂಡು ತಮಗೆ ಬೇಕಾದಂಗೆ ಕತ್ತರಿಸಿ ಜೋಡಿಸ್ಕೊಂಡ್ವು, ನ್ಯೂಯಾರ್ಕ್‌ಗೆ ಅಂತ ಮಾಡಿದ್ದು ದೇಶದ ಎಷ್ಟೋ ರಾಜ್ಯದ ಕ್ಲಾಸ್‌ರೂಮಿಗೆ ಹೋಯ್ತು. 2022ರಲ್ಲಿ ಆ ತಾಣ ನಿಲ್ಲಿಸಿದ್ರು, ಪಾಠಗಳು ಮಾತ್ರ ಉಳ್ಕೊಂಡ್ವು, ಯಾಕಂದ್ರೆ ಅಷ್ಟೊತ್ತಿಗೆ ಅವು ಸಾಕಷ್ಟು ಜನರ ಹತ್ರ ತಿದ್ದಬಹುದಾದ ರೂಪದಲ್ಲೇ ಇದ್ವು, ಇಟ್ಕೊಳ್ಳೋಕೆ ಲೈಸೆನ್ಸೂ ಇತ್ತು.

ಆ ಲೈಸೆನ್ಸ್‌ನ ಬಗ್ಗೆ ಒಂದು ಕೇಸೂ ನಡೀತು, ಅದು ನಮ್ಮ ಜೆರಾಕ್ಸ್ ಅಂಗಡಿಗಳಿಗೂ ಸಂಬಂಧ ಪಟ್ಟ ಹಾಗಿದೆ. ಅಲ್ಲಿ ಗಣಿತದ ಪಾಠ ಬರೆದ ಗ್ರೇಟ್ ಮೈಂಡ್ಸ್ ಸಂಸ್ಥೆ ತನ್ನ ಯುರೇಕಾ ಮ್ಯಾಥ್ ಅನ್ನ ವಾಣಿಜ್ಯೇತರ ಬಳಕೆಗೆ ಮಾತ್ರ ಅಂತ ಕೊಟ್ಟಿತ್ತು. ಸ್ಕೂಲ್ ಡಿಸ್ಟ್ರಿಕ್ಟ್‌ಗಳು ಫೆಡ್‌ಎಕ್ಸ್ ಆಫೀಸ್ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಪ್ರಿಂಟ್ ಹಾಕಿಸ್ಕೊಂಡ್ವು, ಅಂಗಡಿಯವರಿಗೆ ಲಾಭ ಬಂತಲ್ಲ ಅದು ವಾಣಿಜ್ಯ ಆಯ್ತು ಅಂತ ಗ್ರೇಟ್ ಮೈಂಡ್ಸ್ ಕೋರ್ಟ್‌ಗೆ ಹೋಯ್ತು. 2018ರಲ್ಲಿ ಮೇಲ್ಮನವಿ ಕೋರ್ಟ್ ಅಂಗಡಿ ಪರ ತೀರ್ಪು ಕೊಡ್ತು, ಶಾಲೆ ತನ್ನ ಕೆಲಸಕ್ಕೆ ಬೇರೆಯವರ ಕೈಲಿ ಕಾಪಿ ಮಾಡಿಸಿದ್ರೂ ಅದು ಶಾಲೆಯ ಬಳಕೆನೇ ಅಂತ. ನಾವು ಇದರಿಂದ ತಿಳ್ಕೊಳ್ಬೇಕಾದ್ದು ಏನಂದ್ರೆ ಷರತ್ತುಗಳನ್ನ ಮೊದಲೇ ಸರಳವಾಗಿ ಬರೆದಿಡಬೇಕು. ನಮ್ಮ ಜಿಲ್ಲಾ ಪ್ಯಾಕೇಜ್‌ಗಳಲ್ಲಿ ಯಾವ ಷರತ್ತೂ ಬರೆದಿರಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಸರ್ಕಾರದ ನಿರ್ದೇಶನದಲ್ಲಿ ತಯಾರಾದ ಕೃತಿಯ ಮೊದಲ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ರೆ, ಸರ್ಕಾರದ್ದೇ. ಅಂದ್ರೆ ಇಲಾಖೆ ಆದೇಶದ ಮೇಲೆ ಕಾರ್ಯಾಗಾರದಲ್ಲಿ ಬರೆದ ಪ್ಯಾಕೇಜ್‌ಗೆ ಮುಕ್ತ ಲೈಸೆನ್ಸ್ ಕೊಡೋಕೆ ಇಲಾಖೆ ಮನಸ್ಸು ಮಾಡಿದ್ರೆ ಸಾಕು. ಈಗ ಆ ಸಾಲು ಇಲ್ಲದೇ ಇರೋದ್ರಿಂದ ಖಾಸಗಿ ಗೈಡ್‌ನೋರು ಧೈರ್ಯವಾಗಿ ಎತ್ಕೊಳ್ತಾರೆ, ಪ್ರಾಮಾಣಿಕ ಮೇಷ್ಟ್ರು ಮಾತ್ರ ಕೇಳ್ದೆ ಹೇಗೆ ಬಳಸೋದು ಅಂತ ಹಿಂಜರೀತಾರೆ.

ಮಾಡೋಕೆ ಆಗುತ್ತೆ ಅನ್ನೋದಕ್ಕೆ ಕನ್ನಡದಲ್ಲೇ ಉದಾಹರಣೆ ಇದೆ, 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನ ಕ್ರಿಯೇಟಿವ್ ಕಾಮನ್ಸ್ ಅಡಿ ಬಿಡುಗಡೆ ಮಾಡ್ತು, ಅದು ವಿಕಿಪೀಡಿಯದ ಸೋದರ ತಾಣ, ಪುಸ್ತಕಗಳನ್ನ ಇಡೋ ವಿಕಿಸೋರ್ಸ್‌ಗೆ ಬಂತು, ಈಗ ಯಾರು ಬೇಕಾದ್ರೂ ಹುಡುಕಿ ಓದಬಹುದು.

ಈಗ ಎಲ್ಲಕ್ಕಿಂತ ದೊಡ್ಡ ಅಡಚಣೆಗೆ ಬರ್ತೀನಿ, ಇದು ನಮಗೇ ಇರೋದು, ಅಮೆರಿಕದೋರಿಗೆ ಇದರ ಕಲ್ಪನೆನೂ ಇರಲ್ಲ. ನುಡಿ ಫಾಂಟ್. ನಮ್ಮ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ, ಎಷ್ಟೋ ಮೇಷ್ಟ್ರುಗಳ ಲ್ಯಾಪ್‌ಟಾಪಲ್ಲಿ ಇವತ್ತಿಗೂ ಟೈಪ್ ಆಗ್ತಿರೋದು ಎಲ್ಲಾ ಫೋನ್, ಕಂಪ್ಯೂಟರಲ್ಲೂ ಕನ್ನಡವಾಗೇ ತೆರೆಯೋ ಯೂನಿಕೋಡ್ ಅಲ್ಲ, ಹಳೇ ನುಡಿ, ಬರಹದ ಆಸ್ಕಿ ಫಾಂಟ್. ಅದರಲ್ಲಿ ಕಂಪ್ಯೂಟರ್ ಒಳಗೆ ಇರೋದು ಇಂಗ್ಲಿಷ್ ಅಕ್ಷರ ಮತ್ತೆ ಚಿಹ್ನೆಗಳೇ, ಮೇಲೆ ಕನ್ನಡದ ಮುಖವಾಡ ಹಾಕಿರುತ್ತೆ ಅಷ್ಟೆ. ಆ ಫಾಂಟ್ ಇಲ್ಲದ ಫೋನಲ್ಲಿ ವರ್ಡ್ ಫೈಲ್ ತೆಗೆದ್ರೆ ಅರ್ಥ ಇಲ್ಲದ ಚಿಹ್ನೆಗಳ ಸಾಲು. ಅದಕ್ಕೇ ಎಲ್ರೂ ಪಿಡಿಎಫ್ ಮಾಡಿ ಕಳಿಸೋದು, ಮೇಷ್ಟ್ರುಗಳಿಗೆ ಮೂಲ ಕೊಡೋ ಮನಸ್ಸಿಲ್ಲ ಅಂತ ಅಲ್ಲ, ಕೊಟ್ರೆ ತೆಗೆಯೋಕೇ ಆಗಲ್ಲ ಅಂತ. ಆ ಪಿಡಿಎಫ್‌ನಲ್ಲಿ ಸಮಾಂತರ ಶ್ರೇಢಿ ಅಂತ ಹುಡುಕಿದ್ರೆ ಸಿಗಲ್ಲ, ಕಾಪಿ ಮಾಡಿದ್ರೆ ಕಸ ಬರುತ್ತೆ, ಕಣ್ಣು ಕಾಣದ ಮಗುಗೆ ಓದಿ ಹೇಳೋ ಸಾಫ್ಟ್‌ವೇರ್‌ಗೆ ಅದು ಕನ್ನಡ ಅಂತಾನೇ ಗೊತ್ತಾಗಲ್ಲ. ಎಂಥಾ ಒಳ್ಳೇ ಪೋರ್ಟಲ್ ಕಟ್ಟಿದ್ರೂ ಒಳಗೆ ಹಾಕಿದ್ದು ಹುಡುಕೋಕೆ ಸಿಗದಿದ್ರೆ ಅದು ಬೀಗ ಹಾಕಿದ ಬೀರು. ಪರಿವರ್ತಕಗಳಿದಾವೆ, ನುಡಿಯಲ್ಲೇ ಯೂನಿಕೋಡ್ ಬರೆಯೋ ಆಯ್ಕೆನೂ ಬಂದು ಎಷ್ಟೋ ವರ್ಷ ಆಯ್ತು, ಕೈ ಒಗ್ಗಿರೋದು ಬಿಡಲ್ಲ ಅಷ್ಟೆ.

ಗಣಿತಕ್ಕೆ ಇದರ ಮೇಲೆ ಇನ್ನೊಂದು ಹೊರೆ, ಸೂತ್ರಗಳು. ಭಿನ್ನರಾಶಿ, ವರ್ಗಮೂಲ ಟೈಪ್ ಮಾಡೋದು ಕಷ್ಟ ಅಂತ ಕೈಲಿ ಬರೆದು ಫೋಟೊ ಹೊಡೆದು ಅಂಟಿಸ್ತಾರೆ. ಅಲ್ಲಿಗೆ ಆ ಲೆಕ್ಕವನ್ನ ಯಾರೂ ತಿದ್ದೋಕಾಗಲ್ಲ. 

ಹಳೇ ಫೈಲ್‌ಗಳ ಅಪಾಯ ಬರೀ ಟೈಪಿಂಗ್ ತಪ್ಪಿಗೆ ನಿಲ್ಲಲ್ಲ. 2020-21ರಲ್ಲಿ ಕೊರೊನಾ ಅಂತ ಪಠ್ಯದಲ್ಲಿ ಶೇಕಡಾ 30 ಕಡಿತ ಆಗಿತ್ತು, ಆ ವರ್ಷ ಮಾಡಿದ ಪ್ರಶ್ನಕೋಠಿಗಳು ತಾರೀಖಿಲ್ಲದೆ ಇವತ್ತಿಗೂ ಓಡಾಡ್ತಿದಾವೆ, ಅದನ್ನ ನಂಬಿದ ಮಗು ಪೂರ್ತಿ ಅಧ್ಯಾಯನೇ ಬಿಟ್ಟುಬಿಡಬಹುದು. 2023ರ ಜೂನ್‌ನಲ್ಲಿ 6ರಿಂದ 10ನೇ ತರಗತಿಯ ಕನ್ನಡ ಮತ್ತೆ ಸಮಾಜ ವಿಜ್ಞಾನ ಪುಸ್ತಕದ ಕೆಲವು ಪಾಠ ಬದಲಾದಾಗ ಪುಸ್ತಕ ಆಗ್ಲೇ ಪ್ರಿಂಟ್ ಆಗಿತ್ತು, ಬದಲಾವಣೆಗಳನ್ನ ಪೂರಕ ಪುಸ್ತಿಕೆಯಾಗಿ ಕೊಟ್ರು. 2025-26ಕ್ಕೆ ಪಾಸ್ ಮಾರ್ಕ್ಸ್ 35 ಶೇಕಡಾದಿಂದ 33ಕ್ಕೆ ಇಳೀತು. ಇಷ್ಟು ಬದಲಾವಣೆ ಆಗೋ ಕಡೆ ಪ್ರತಿ ಹಾಳೆ ಮೇಲೂ ಇದು ಯಾವ ವರ್ಷದ್ದು, ಯಾವ ಪುಸ್ತಕಕ್ಕೆ, ಎಷ್ಟನೇ ತಿದ್ದುಪಡಿ ಅಂತ ಇರಲೇಬೇಕು. ವಿಕಿ ಥರದ ವ್ಯವಸ್ಥೆಲಿ ಇದು ತಾನಾಗೇ ಆಗುತ್ತೆ, ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಆದ ತಾರೀಖು ಬಿಟ್ರೆ ಏನೂ ಗೊತ್ತಾಗಲ್ಲ.

ಹಾಗಾದ್ರೆ ಏನು ಮಾಡಬೇಕು ಅಂದ್ರೆ, ಮೊದಲನೇದಾಗಿ ಹೊಸ ಆಪ್ ಬೇಡ. ಇನ್ನೊಂದು ಆಪ್, ಇನ್ನೊಂದು ಲಾಗಿನ್, ಇನ್ನೊಂದು ಪಾಸ್‌ವರ್ಡ್ ಅಂದ್ರೆ ಮೇಷ್ಟ್ರುಗಳು ಸುಸ್ತಾಗಿದಾರೆ, ಮಕ್ಕಳ ವಿವರ ತುಂಬೋ ಎಸ್‌ಎಟಿಎಸ್ ಎಂಟ್ರಿನೇ ಮುಗಿಯಲ್ಲ. ಇರೋ ಕೋಯರ್‌ನಲ್ಲೋ ಇಲಾಖೆಯ ಸರ್ವರ್‌ನಲ್ಲೋ ಅಧ್ಯಾಯಕ್ಕೊಂದು ಪುಟ, ಅದರಲ್ಲಿ ಯೂನಿಕೋಡ್‌ನ ಮೂಲ ಫೈಲ್, ಪಕ್ಕದಲ್ಲೇ ಪ್ರಿಂಟ್‌ಗೆ ಪಿಡಿಎಫ್. ಓದೋಕೆ ಲಾಗಿನ್ ಬೇಡ, ತಿದ್ದೋಕೆ ಮಾತ್ರ ಬೇಕು. ವಾಟ್ಸಾಪ್ ಬಿಡಿ ಅಂತ ಯಾರಿಗೂ ಹೇಳೋದು ಬೇಡ, ಫೈಲ್ ಬದಲು ಆ ಪುಟದ ಲಿಂಕ್ ಫಾರ್ವರ್ಡ್ ಆಗ್ಲಿ, ಆಗ ಯಾರು ಯಾವಾಗ ಒತ್ತಿದ್ರೂ ಹೊಸ ರೂಪವೇ ಸಿಗುತ್ತೆ. ಕೆಲಸ ಹಂಚ್ಕೊಳ್ಳೋದೂ ಕಷ್ಟ ಅಲ್ಲ, 35 ಜಿಲ್ಲೆ ಇದಾವೆ, ಹತ್ತನೇ ಕ್ಲಾಸಿನ ಎಲ್ಲಾ ವಿಷಯದ ಅಧ್ಯಾಯಗಳನ್ನ ಹಂಚಿದ್ರೆ ಒಂದೊಂದು ಜಿಲ್ಲೆಗೆ ಬರೋದು ಕೆಲವೇ ಅಧ್ಯಾಯ. ಮಧುಗಿರಿಯೋರು ತ್ರಿಭುಜ ಮಾಡ್ಲಿ, ಶಿರಸಿಯೋರು ಶ್ರೇಢಿ ಮಾಡ್ಲಿ, ಆಮೇಲೆ ಎಲ್ಲರದನ್ನೂ ಎಲ್ರೂ ತಗೊಂಡು ತಮ್ಮ ಊರಿಗೆ ಹೊಂದಿಸ್ಕೊಳ್ಳಲಿ. ಬರೆದೋರ ಹೆಸರು ಪುಟದ ಇತಿಹಾಸದಲ್ಲಿ ಉಳೀಬೇಕು, ಇದು ಸಣ್ಣ ವಿಷಯ ಅಲ್ಲ, ರಾತ್ರಿ ಹಗಲು ಕೂತು ಮಾಡಿದ ಹಾಳೆ ಬೇರೆಯವರ ಹೆಸರಲ್ಲಿ ವಾಪಸ್ ಬಂದಾಗ ಆಗೋ ನೋವು ನನಗೂ ಗೊತ್ತು, ಅದಕ್ಕೇ ಜನ ಪುಟದ ತುಂಬಾ ವಾಟರ್‌ಮಾರ್ಕ್ ಹಾಕೋದು.

ಇದನ್ನ ನೋಡ್ಕೊಳ್ಳೋ ಮನುಷ್ಯರು ಬೇಕೇ ಬೇಕು. ಪ್ರತಿ ಡಯಟ್‌ನಲ್ಲಿ ಒಬ್ಬ ಉಪನ್ಯಾಸಕರಿಗೆ ಇದೇ ಕೆಲಸ ಅಂತ ವಾರಕ್ಕೆ ಎರಡು ದಿನ ಬರೆದುಕೊಟ್ರೆ ಸಾಕು, ಚರ್ಚೆಲಿ ಬಂದ ತಿದ್ದುಪಡಿಗಳನ್ನ ಪುಟಕ್ಕೆ ಹಾಕೋದು, ಎರಡು ರೂಪ ಬಂದಿದ್ರೆ ಬರೆದೋರ ಹತ್ರ ಮಾತಾಡಿ ಒಂದು ಮಾಡೋದು, ಹಳೇದನ್ನ ಹಳೇದು ಅಂತ ಗುರುತು ಮಾಡೋದು. ದುಡ್ಡು ಸಾಫ್ಟ್‌ವೇರ್‌ಗಿಂತ ಇಲ್ಲೇ ಹೋಗಬೇಕು, ಮೀಡಿಯಾವಿಕಿ ಫ್ರೀ, ಮನುಷ್ಯರ ಟೈಮ್ ಫ್ರೀ ಅಲ್ಲ.

ಅಷ್ಟೆಲ್ಲ ಆಗೋಕೆ ಮುಂಚೆ ಈ ವರ್ಷವೇ ಮಾಡಬಹುದಾದ್ದು ಒಂದಿದೆ. ಕಾರ್ಯಾಗಾರಕ್ಕೆ ಮೇಷ್ಟ್ರುಗಳನ್ನ ಕರೆಯೋ ಜ್ಞಾಪನದಲ್ಲಿ ಇನ್ನೊಂದು ಸಾಲು ಸೇರಿಸಿ: ಸಾಮಗ್ರಿಯನ್ನ ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಪಿಡಿಎಫ್ ಜೊತೆ ತಿದ್ದಬಹುದಾದ ಫೈಲನ್ನೂ ಕೊಡಬೇಕು, ಮೊದಲ ಪುಟದಲ್ಲಿ ವರ್ಷ, ಲೈಸೆನ್ಸ್ ಮತ್ತು ತಪ್ಪು ತಿಳಿಸಬೇಕಾದ ಕಚೇರಿಯ ಇಮೇಲ್ ಹಾಕಬೇಕು. ಖರ್ಚಿಲ್ಲ, ಟೆಂಡರ್ ಇಲ್ಲ. ನಾನು ನನ್ನ ಹತ್ರ ಇದ್ದ ಸಮಾಂತರ ಶ್ರೇಢಿ ಹಾಳೆಯನ್ನ ಯೂನಿಕೋಡ್‌ಗೆ ತಂದು, ಸೂತ್ರಗಳನ್ನ ಟೈಪ್ ಮಾಡಿ, ವರ್ಡ್ ಫೈಲನ್ನೇ ನಮ್ಮ ಗ್ರೂಪಿಗೆ ಹಾಕ್ದೆ, ಎರಡು ದಿನದಲ್ಲಿ ಗೊತ್ತಿಲ್ಲದ ಯಾರೋ ಒಬ್ಬ ಮೇಡಂ ಅದಕ್ಕೆ ಇನ್ನಾರು ಲೆಕ್ಕ ಸೇರಿಸಿ, ನನ್ನದೇ ಒಂದು ಉತ್ತರ ತಪ್ಪಿದ್ದನ್ನ ಸರಿ ಮಾಡಿ ವಾಪಸ್ ಕಳಿಸಿದ್ರು. ಅದೇ ವಾರ ಇನ್ನೊಂದು ಗ್ರೂಪಲ್ಲಿ ಹೊಸ ಮುಖಪುಟ ಹಾಕ್ಕೊಂಡ ಪಿಡಿಎಫ್ ಬಂತು, ತೆಗೆದು ನೋಡ್ದೆ, ಮೈನಸ್ ಜಾಗದಲ್ಲಿ ಪ್ಲಸ್ ಹಾಗೇ ಇತ್ತು.